ಇರುವಿಕೆ: ಬಳಕೆದಾರರ ಕೈಪಿಡಿ (ಬೆಳ್ಳಂದೂರು ಆವೃತ್ತಿ)

'ಏನೂ ಇಲ್ಲದಿರುವ ಬದಲು ಏನೋ ಒಂದು ಇದೆ' ಎಂಬ ಈ ಉತ್ಪನ್ನವನ್ನು ನೀವು ಈಗಾಗಲೇ ಬಳಸುತ್ತಿದ್ದೀರಿ. ಬೇಡವೆಂದು ವಾಪಸು ಕೊಡುವ ಅವಧಿ ಮುಗಿದು ಸುಮಾರು 1,380 ಕೋಟಿ ವರ್ಷಗಳಾಗಿವೆ. ಕೈಪಿಡಿಯನ್ನು ಯಾರೂ ಓದುವುದಿಲ್ಲ, ಅದು ಥರ್ಮಾಕೋಲಿನ ಜೊತೆಗೇ ಕಸದ ಗಾಡಿ ಹತ್ತುತ್ತದೆ ಎಂಬುದು ನಮಗೂ ಗೊತ್ತು. ಈ ಮಾಲಿನ ವಿಷಯದಲ್ಲಂತೂ ಕೈಪಿಡಿ ಬಂದೇ ಇರಲಿಲ್ಲ. ಬಂದಿರಬೇಕಿತ್ತು ಎಂದುಕೊಂಡವರು ಬೇರೆ ಬೇರೆ ಕಾಲದಲ್ಲಿ ಒಂದೊಂದು ಹಾಳೆ ಬರೆದು ಸೇರಿಸುತ್ತ ಹೋದರು. ಅವನ್ನು ಹೊಂದಿಸಿ, ಬೆಳ್ಳಂದೂರು, ಇಬ್ಬಲೂರು, ಯಮಲೂರು, ದೇವರಬೀಸನಹಳ್ಳಿ ಸುತ್ತಮುತ್ತಲಿನವರಿಗೆ ಅನುಕೂಲವಾಗುವಂತೆ ತಿದ್ದಿದ್ದು ಈ ಆವೃತ್ತಿ.

ಬೆಳ್ಳಂದೂರಿಗೇ ಏಕೆ ಪ್ರತ್ಯೇಕ ಆವೃತ್ತಿ ಎಂದರೆ, ಈ ಕಣಿವೆಯ ನೀರು ಇಂದು ಯಾವ ಜಿಲ್ಲೆಗೆ ಹೋಗುತ್ತಿದೆಯೋ ಅದೇ ಜಿಲ್ಲೆಯಲ್ಲಿ, ಏನೂ ಇಲ್ಲದಿರುವ ಬದಲು ಏನೋ ಒಂದು ಏಕಿದೆ ಎಂಬ ಪ್ರಶ್ನೆಯನ್ನು ಒಮ್ಮೆ ಕಬ್ಬಿಣ, ತಂತಿ, ವಿದ್ಯುತ್ತು ಇಟ್ಟುಕೊಂಡು ಪರೀಕ್ಷಿಸಿದ್ದರು. ಅದು 'ವಾರಂಟಿ' ಭಾಗದಲ್ಲಿದೆ. ಆತುರವಿರುವವರು ನಡುವಿನದ್ದನ್ನು ಬಿಟ್ಟು ನೇರ ಅಲ್ಲಿಗೆ ಹೋಗಬಹುದು. ಔಟರ್ ರಿಂಗ್ ರೋಡಿನಲ್ಲಿ ಈ ಸೌಲಭ್ಯ ಇಲ್ಲ.

ತೆರೆಯುವ ಮುನ್ನ

ಪ್ರಶ್ನೆಯನ್ನು ಈ ರೂಪದಲ್ಲಿ ಕೇಳಿದವನು ಜರ್ಮನಿಯ ಲೈಬ್ನಿಟ್ಸ್, 1714ರಲ್ಲಿ. ಏನೂ ಇಲ್ಲದಿರುವುದು ಏನೋ ಇರುವುದಕ್ಕಿಂತ ಸರಳ, ಸುಲಭ; ಹಾಗಿದ್ದ ಮೇಲೆ ಇಷ್ಟೆಲ್ಲ ಏಕಿದೆ ಎಂಬುದು ಅವನ ತಕರಾರು. ಉತ್ತರವಾಗಿ ಅವನು ದೇವರನ್ನು ತೋರಿಸಿದ. ಉತ್ತರದ ಬಗ್ಗೆ ಮುನ್ನೂರು ವರ್ಷದಿಂದ ಜಗಳ ನಡೆದಿದೆ, ಆದರೆ ನನಗೆ ಅನುಮಾನ ಬರುವುದು ಪ್ರಶ್ನೆಯ ಮೊದಲ ಅರ್ಧದ ಮೇಲೆ. ಏನೂ ಇಲ್ಲದಿರುವುದು ಸುಲಭ ಎಂದು ಅವನಿಗೆ ಹೇಳಿದವರು ಯಾರು? ಕೆಳಗಿನ ಪ್ರಯೋಗವನ್ನು ಮಾಡಿ ನೋಡಿ.

ಹಂತ 1: ಹೋಲಿಕೆಗಾಗಿ 'ಏನೂ ಇಲ್ಲ'ವನ್ನು ತಯಾರಿಸಿಕೊಳ್ಳುವುದು

ಒಂದು ಟೂ ಬಿಎಚ್‌ಕೆ ಫ್ಲ್ಯಾಟ್ ತೆಗೆದುಕೊಳ್ಳಿ. ಬಾಡಿಗೆಯವರನ್ನು ಖಾಲಿ ಮಾಡಿಸಿ. ಸೋಫಾ, ಮಂಚ, ಗೀಸರ್, ಗೋಡೆಯ ಮೊಳೆ, ಅಡುಗೆಮನೆಯ ಮೂಲೆಯ ಜಿರಳೆ, ಎಲ್ಲವನ್ನೂ ಹೊರಗೆ ಹಾಕಿ. ಈಗ ಒಳಗೆ ಏನೂ ಇಲ್ಲ ಎಂದು ಮಾಲೀಕರು ಹೇಳಿಯಾರು. ನಂಬಬೇಡಿ. ಸಕ್ಕರೆಯ ಒಂದು ಕ್ಯೂಬ್ ಹಿಡಿಸುವಷ್ಟು ಜಾಗದಲ್ಲಿ ಗಾಳಿಯ ಅಣುಗಳು 25ರ ಮುಂದೆ 18 ಸೊನ್ನೆ ಇಟ್ಟಷ್ಟಿವೆ.

ಗಾಳಿಯನ್ನೂ ತೆಗೆಯಬೇಕೆಂದರೆ ದೂರ ಹೋಗಬೇಕಿಲ್ಲ. ಮಾರತ್ತಹಳ್ಳಿಯ ಬಳಿ ಇಸ್ರೋದ ಉಪಗ್ರಹ ಜೋಡಣೆ ಮತ್ತು ಪರೀಕ್ಷಾ ಕೇಂದ್ರವಿದೆ. ಉಪಗ್ರಹವನ್ನು ದೊಡ್ಡ ಕೋಣೆಯೊಂದರಲ್ಲಿಟ್ಟು, ಗಾಳಿಯನ್ನು ಹೀರಿ ತೆಗೆದು, ಕಾಯಿಸಿ, ತಣಿಸಿ, ಬಾಹ್ಯಾಕಾಶದಲ್ಲಿ ಬಾಳುತ್ತದೆಯೇ ಎಂದು ನೋಡುವ ವ್ಯವಸ್ಥೆ ಅಲ್ಲಿದೆ. ಅಂಥ ಕೋಣೆಯೊಂದರಲ್ಲಿ ಒತ್ತಡವನ್ನು ನಮ್ಮ ವಾತಾವರಣದ ನೂರು ಕೋಟಿಯಲ್ಲಿ ಒಂದು ಪಾಲಿಗೆ ಇಳಿಸಿದಿರಿ ಎನ್ನಿ. ಆಗಲೂ ಅದೇ ಸಕ್ಕರೆ ಕ್ಯೂಬಿನ ಜಾಗದಲ್ಲಿ ಸುಮಾರು 2,500 ಕೋಟಿ ಅಣು ಉಳಿದಿರುತ್ತವೆ. ಅಷ್ಟು ವಿದ್ಯುತ್ ಬಿಲ್ ಕಟ್ಟಿ ಸಂಪಾದಿಸಿದ್ದು ಇಷ್ಟು.

ಅವನ್ನೂ ಹೆಕ್ಕಿ ತೆಗೆದಿರಿ. ಆದರೂ ಘನ ಸೆಂಟಿಮೀಟರಿಗೆ 411ರಂತೆ ಬೆಳಕಿನ ಕಣಗಳು ವಿಶ್ವದ ಎಲ್ಲ ಕಡೆ ಇವೆ. ವಿಶ್ವ ಎಳೆಯದಾಗಿದ್ದಾಗ ಬಿಟ್ಟ ಬಿಸಿ, ಹಿಗ್ಗಿ ತಣ್ಣಗಾಗಿ ಈಗ ಪರಮ ಶೂನ್ಯದ ಮೇಲೆ 2.7 ಕೆಲ್ವಿನ್‌ಗೆ ಬಂದು ನಿಂತಿದೆ. ಅದರ ಜೊತೆ ಯಾವ ಗೋಡೆಗೂ ಸೊಪ್ಪು ಹಾಕದ ನ್ಯೂಟ್ರಿನೋಗಳು. ಇವನ್ನೂ ಹೇಗೋ ಓಡಿಸಿದಿರಿ ಎಂದರೆ, ಬರೀ ನಿರ್ವಾತದಲ್ಲಿಟ್ಟ ಎರಡು ಲೋಹದ ತಗಡುಗಳು ತಾವಾಗಿ ಹತ್ತಿರ ಬರುತ್ತವೆ ಎಂದು ಹಾಲೆಂಡಿನ ಹೆಂಡ್ರಿಕ್ ಕ್ಯಾಸಿಮಿರ್ 1948ರಲ್ಲಿ ಲೆಕ್ಕ ಹಾಕಿ ತೋರಿಸಿದ. ಆ ಸೆಳೆತವನ್ನು 1997ರಲ್ಲಿ ಸರಿಯಾಗಿ ಅಳೆದೂ ಆಯಿತು. ಖಾಲಿ ಜಾಗ ಸುಮ್ಮನೆ ಕೂತಿಲ್ಲ.

ಸರಿ, ಜಾಗವನ್ನೇ ತೆಗೆದುಬಿಡೋಣ ಎಂದು ಹೊರಟವನು ಭೌತವಿಜ್ಞಾನಿ ಅಲೆಕ್ಸಾಂಡರ್ ವಿಲೆಂಕಿನ್. ಕಾಲ, ದೇಶ ಎರಡೂ ಇಲ್ಲದ ಸ್ಥಿತಿಯಿಂದ ಪುಟ್ಟದೊಂದು ವಿಶ್ವ ಕ್ವಾಂಟಂ ನಿಯಮದ ಪ್ರಕಾರ ತಟ್ಟನೆ ಮೂಡಬಹುದು ಎಂದು 1982ರಲ್ಲಿ ಸಮೀಕರಣ ಬರೆದ. ಚೆನ್ನಾಗಿದೆ. ಆದರೆ ಆ ಕ್ವಾಂಟಂ ನಿಯಮ ಎಲ್ಲಿ ಕೂತಿತ್ತು? ಜಾಗವಿಲ್ಲ, ಕಾಲವಿಲ್ಲ, ನಿಯಮ ಮಾತ್ರ ಜಾರಿಯಲ್ಲಿದೆ. ಖಾಲಿ ಫ್ಲ್ಯಾಟಿಗೂ ತಿಂಗಳು ತಿಂಗಳು ಮೇಂಟೆನೆನ್ಸ್ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಂತ 1 ವಿಫಲವಾಗಿದೆ ಎಂದು ಗುರುತು ಹಾಕಿಕೊಂಡು ಮುಂದೆ ಹೋಗಿ. ಇದುವರೆಗೆ ಎಲ್ಲರಿಗೂ ವಿಫಲವಾಗಿದೆ.

ತಯಾರಕರ ವಿಳಾಸ

ಈ ಜಾಗವನ್ನು ಬೇಕೆಂದೇ ಖಾಲಿ ಬಿಡಲಾಗಿದೆ. ಋಗ್ವೇದದ ಹತ್ತನೆಯ ಮಂಡಲದ ನಾಸದೀಯ ಸೂಕ್ತ ವಿಳಾಸ ಹುಡುಕುತ್ತ ಹೊರಟು, ಮೇಲಿನಿಂದ ನೋಡುವವನಿಗಾದರೂ ಗೊತ್ತಿದೆಯೋ ಇಲ್ಲವೋ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ನಮ್ಮ ನಾಡಿನಲ್ಲೇ ಕೂತು ಇನ್ನೂ ಖಡಕ್ಕಾಗಿ ಮಾತಾಡಿದವರು ಜಿನಸೇನಾಚಾರ್ಯರು. ಒಂಬತ್ತನೆಯ ಶತಮಾನದವರು, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಗುರುಗಳು. ಪಂಪ 941ರಲ್ಲಿ ಕನ್ನಡಕ್ಕೆ ತಂದ ಆದಿಪುರಾಣದ ಮೂಲ ಇವರ ಸಂಸ್ಕೃತ ಗ್ರಂಥ. ಸೃಷ್ಟಿಕರ್ತನಿದ್ದಾನೆ ಎನ್ನುವವರನ್ನು ಅವರು ಅಡ್ಡಸವಾಲಿಗೆ ಒಳಪಡಿಸುತ್ತಾರೆ: ಮಾಡುವ ಮುಂಚೆ ಅವನು ಎಲ್ಲಿದ್ದ? ಕಚ್ಚಾ ಸಾಮಗ್ರಿ ಎಲ್ಲಿಂದ ತಂದ? ಅದನ್ನು ಮೊದಲು ಮಾಡಿದ ಎಂದರೆ ಅದಕ್ಕೆ ಸಾಮಗ್ರಿ ಯಾವುದು? ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದವರ ಮೇಲೆ ಇಷ್ಟು ಸಾವಧಾನದ ದಾಳಿ ಇನ್ನೆಲ್ಲೂ ಓದಿಲ್ಲ. ಜೈನರ ಪ್ರಕಾರ ಲೋಕಕ್ಕೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ. ಹಾಗಾಗಿ ದೂರು ಕೊಡಲು ಕೌಂಟರೂ ಇಲ್ಲ.

ಮಾಲು ಅಸಲಿಯೋ ತೋರಿಕೆಯದೋ ಎಂಬ ವಿವಾದ ಬೇರೆ ಇದೆ. ಶಂಕರರ ಶಾಖೆಯಲ್ಲಿ ಒಂದು ಉತ್ತರ, ಉಡುಪಿಯ ಮಧ್ವಾಚಾರ್ಯರ ಶಾಖೆಯಲ್ಲಿ ಇನ್ನೊಂದು. ತಿಂಗಳ ಕೊನೆಗೆ ಹೋಂ ಲೋನ್ ಕಂತು ಕಡಿತವಾಗುವುದನ್ನು ನೋಡಿದರೆ ನಾನು ಮಧ್ವರ ಕಡೆ.

ಪೊಟ್ಟಣದಲ್ಲಿ ಇರಬೇಕಾದದ್ದು ಮತ್ತು ಇರುವುದು

ಲೈಬ್ನಿಟ್ಸನ ಪ್ರಶ್ನೆ ಇಡಿಯಾಗಿ ಕೈಗೆ ಸಿಗುವುದಿಲ್ಲ. ಅದರ ಒಂದು ತುಂಡು ಮಾತ್ರ ಭೌತವಿಜ್ಞಾನಿಗಳ ಕೈಗೆ ಸಿಕ್ಕಿದೆ. ಆ ತುಂಡು ಇದು: 1928ರಲ್ಲಿ ಡಿರಾಕ್ ಬರೆದ ಸಮೀಕರಣದಿಂದ, ಪ್ರತಿ ಕಣಕ್ಕೂ ತದ್ರೂಪಿಯಾದ, ಆದರೆ ವಿರುದ್ಧ ವಿದ್ಯುದಂಶದ ಜೋಡಿಯೊಂದು ಇರಬೇಕೆಂದು ತಿಳಿಯಿತು. 1932ರಲ್ಲಿ ಕಾರ್ಲ್ ಆಂಡರ್ಸನ್ ವಿಶ್ವಕಿರಣಗಳ ಚಿತ್ರದಲ್ಲಿ ಅಂಥದ್ದೊಂದನ್ನು, ಪಾಸಿಟ್ರಾನನ್ನು, ಕಂಡ. ದ್ರವ್ಯ, ಪ್ರತಿದ್ರವ್ಯ ಎರಡೂ ಜೋಡಿಯಾಗಿ ಹುಟ್ಟುತ್ತವೆ, ಮುಖಾಮುಖಿಯಾದರೆ ಎರಡೂ ಅಳಿದು ಬೆಳಕಾಗುತ್ತವೆ. ಹಾಗಾದರೆ ಆರಂಭದ ಬಿಸಿಯಲ್ಲಿ ಸಮಸಮವಾಗಿ ಹುಟ್ಟಿದ್ದೆಲ್ಲ ಸಮಸಮವಾಗಿ ಸತ್ತು, ಇಂದು ಬರೀ ಬೆಳಕು ಉಳಿದಿರಬೇಕಿತ್ತು. ಹೆಚ್ಚುಕಡಿಮೆ ಆದದ್ದೂ ಅದೇ. ಇಂದಿನ ವಿಶ್ವದಲ್ಲಿ ಒಂದು ಪ್ರೋಟಾನ್ ಅಥವಾ ನ್ಯೂಟ್ರಾನಿಗೆ ಸುಮಾರು 160 ಕೋಟಿ ಬೆಳಕಿನ ಕಣಗಳಿವೆ. ಅವು ಆ ಸಾವಿನ ಲೆಕ್ಕಪತ್ರ. ನೂರು ಕೋಟಿ ಪ್ರತಿದ್ರವ್ಯ ಕಣಕ್ಕೆ ದ್ರವ್ಯದ ಕಣ ನೂರು ಕೋಟಿಯ ಮೇಲೆ ಒಂದು ಇತ್ತು ಎಂದು ಇದರಿಂದ ತಿಳಿಯುತ್ತದೆ.

ಟೆಕ್ ಪಾರ್ಕಿನ ಗೇಟಿನಲ್ಲಿ ರಾತ್ರಿ ಪಾಳಿ ಮುಗಿಯುವ ಹೊತ್ತನ್ನು ಊಹಿಸಿಕೊಳ್ಳಿ. ವಿಸಿಟರ್ ರಿಜಿಸ್ಟರ್ ಹಿಡಿದು ಸೆಕ್ಯುರಿಟಿಯವನು ಕೂತಿದ್ದಾನೆ.

"ಏನಪ್ಪಾ, ಟ್ಯಾಲಿ ಆಯ್ತಾ?"

"ಎಲ್ಲಾ ಆಯ್ತು ಸಾರ್, ಒಂದು ಉಳೀತಾ ಇದೆ."

"ಬರೆಯೋದ್ರಲ್ಲಿ ಹೆಚ್ಚುಕಮ್ಮಿ ಆಗಿರ್ಬೇಕು, ಇನ್ನೊಂದ್ಸಲ ನೋಡು."

"ನೋಡ್ದೆ ಸಾರ್. ಒಳಗೆ ಬಂದೋರೆಲ್ಲಾ ಹೋಗಿದಾರೆ. ಒಬ್ರು ಮಾತ್ರ ಒಳಗೇ ಇದಾರೆ."

ಆ ಒಬ್ಬರೇ ನಕ್ಷತ್ರ, ನೆಲ, ಕೆರೆ, ಸರ್ಜಾಪುರ ರಸ್ತೆ, ನೀವು, ನಾನು. ರಿಜಿಸ್ಟರಿನಲ್ಲಿ ಇಂಥ ವ್ಯತ್ಯಾಸ ಬರಬೇಕಾದರೆ ಮೂರು ಸಂಗತಿ ನಡೆದಿರಬೇಕು ಎಂದು ಸೋವಿಯತ್ ವಿಜ್ಞಾನಿ ಆಂದ್ರೇ ಸಖರೋವ್ 1967ರಲ್ಲಿ ಬರೆದ. ಬಂದಷ್ಟೇ ಹೋಗಬೇಕೆಂಬ ನಿಯಮ ಎಲ್ಲೋ ಒಂದು ಕಡೆ ಮುರಿಯಬೇಕು. ಗೇಟಿನವನು ಎರಡೂ ಪಂಗಡವನ್ನು ಒಂದೇ ಕಣ್ಣಿನಿಂದ ನೋಡಿರಬಾರದು, ಸ್ವಲ್ಪವಾದರೂ ಪಕ್ಷಪಾತ ಬೇಕು. ಮೂರನೆಯದು, ಅಷ್ಟಿಷ್ಟು ವ್ಯತ್ಯಾಸವಾಗಿದ್ದು ಮತ್ತೆ ಸರಿಹೋಗುವ ಮುಂಚೆಯೇ ಗೇಟು ಮುಚ್ಚಿರಬೇಕು. ಅಂದರೆ ವಿಶ್ವ ಹಿಗ್ಗಿ ತಣ್ಣಗಾಗಿರಬೇಕು.

ಪಕ್ಷಪಾತ ನಿಜ ಎಂದು ಸಖರೋವ್ ಬರೆಯುವ ಮೊದಲೇ ಗೊತ್ತಾಗಿತ್ತು. ಕ್ರೋನಿನ್ ಮತ್ತು ಫಿಚ್ ತಂಡ 1964ರಲ್ಲಿ ಕೇಯಾನ್ ಎಂಬ ಕಣಗಳಲ್ಲಿ ಅದನ್ನು ಹಿಡಿದಿತ್ತು. ಆದರೆ ಇದುವರೆಗೆ ಪ್ರಯೋಗಶಾಲೆಯಲ್ಲಿ ಸಿಕ್ಕ ಪಕ್ಷಪಾತವನ್ನೆಲ್ಲ ಕೂಡಿದರೂ ನಮ್ಮನ್ನು ಉಳಿಸುವಷ್ಟಾಗುವುದಿಲ್ಲ. ಇನ್ನು ಮೊದಲನೆಯ ಷರತ್ತು. ಕೈಪಿಡಿಯ ದಪ್ಪ ಭಾಗ ಅದರ ಮೇಲಿದೆ, ಆದರೆ ಅದಕ್ಕೂ ಮುಂಚೆ ಸ್ಥಳೀಯ ದೂರುಗಳನ್ನು ಮುಗಿಸಿಬಿಡೋಣ.

ಸ್ಥಳೀಯ ದೋಷಗಳು

ದೂರು: ಇರಬಾರದ್ದು ಇದೆ. ಬೆಳ್ಳಂದೂರು ಕೆರೆ ಬೆಂಗಳೂರಿನ ಅತಿ ದೊಡ್ಡ ಕೆರೆ, ಸುಮಾರು 900 ಎಕರೆ. ಯಮಲೂರಿನ ಕಡೆ ಕೋಡಿಯ ನೀರು ಧುಮುಕುವಲ್ಲಿ ಏಳುತ್ತಿದ್ದ ನೊರೆಯನ್ನು ನೋಡಿದವರಿಗೆ ಗೊತ್ತು. ಕಾಲುವೆಯ ದಂಡೆ ಮೀರಿ, ಬೇಲಿ ಮೀರಿ, ಹತ್ತಿ ಹಿಂಜಿ ಗುಡ್ಡೆ ಹಾಕಿದಂತೆ ನಿಂತಿರುತ್ತಿತ್ತು. ಗಾಳಿ ಎದ್ದರೆ ಮುದ್ದೆ ಮುದ್ದೆಯಾಗಿ ರಸ್ತೆಗೆ ಹಾರಿ ಬೈಕಿನವರ ಹೆಲ್ಮೆಟ್ ಗಾಜಿಗೆ ಬಡಿಯುತ್ತಿತ್ತು. ಒರೆಸಿದರೆ ಕೈಯಲ್ಲಿ ಜಿಡ್ಡು, ಮೂಗಿನಲ್ಲಿ ನಾತ, ಬೇರೇನೂ ಇಲ್ಲ. 2015ರ ಮೇ ತಿಂಗಳಲ್ಲಿ ಆ ನೊರೆಗೇ ಬೆಂಕಿ ಹತ್ತಿತು. 2017ರ ಫೆಬ್ರವರಿಯಲ್ಲಿ ಮತ್ತೆ ಕೆರೆ ಹೊಗೆಯಾಡಿತು. 2018ರ ಜನವರಿಯಲ್ಲಿ ಆರಿಸಲು ಸೇನೆಯ ಯೋಧರು ಇಳಿಯಬೇಕಾಯಿತು.

ಇದರಲ್ಲಿ ಗೂಢವೇನೂ ಇಲ್ಲ. ನಗರದ ಕೊಳಚೆ ರಾಜಕಾಲುವೆ ಹಿಡಿದು ಬರುತ್ತದೆ, ಅದರಲ್ಲಿ ಬಟ್ಟೆ ಪಾತ್ರೆ ತೊಳೆದ ಮಾರ್ಜಕವಿರುತ್ತದೆ, ಎತ್ತರದಿಂದ ಬಿದ್ದಾಗ ಗಾಳಿ ಸೇರಿ ನೊರೆಯಾಗುತ್ತದೆ. ಕಾರಣ ಗೊತ್ತು, ಬಂದ ದಾರಿ ಗೊತ್ತು, ಹಸಿರು ನ್ಯಾಯಮಂಡಳಿಯ ಆದೇಶಗಳೂ ಇವೆ. ಒಂದು ವಸ್ತು ಏಕಿದೆ ಎಂದು ತಿಳಿದ ಮಾತ್ರಕ್ಕೆ ಅದು ಇಲ್ಲವಾಗುವುದಿಲ್ಲ. ಲೈಬ್ನಿಟ್ಸ್ ಇದನ್ನು ಪ್ರತ್ಯೇಕವಾಗಿ ಬರೆಯಲಿಲ್ಲ, ಬರೆಯಬೇಕಿತ್ತು. (2022ರ ಸೆಪ್ಟೆಂಬರಿನಲ್ಲಿ ಐ.ಟಿ. ಉದ್ಯೋಗಿಗಳನ್ನು ಟ್ರ್ಯಾಕ್ಟರಿನಲ್ಲಿ ಆಫೀಸಿಗೆ ಸಾಗಿಸುವಂತೆ ಮಾಡಿದ ನೆರೆ ನೀರಿಗೂ ಇದೇ ಟಿಪ್ಪಣಿ ಅನ್ವಯ. ಕೆರೆಯಿಂದ ಕೆರೆಗೆ ಹೋಗುವ ಕಾಲುವೆಯ ಮೇಲೆ ಕಟ್ಟಡ ಬಂದರೆ ನೀರು ಕಟ್ಟಡದೊಳಗೆ ಬರುತ್ತದೆ.)

ಈ ಕಣಿವೆಗೆ ಕೋರಮಂಗಲ-ಚಲ್ಲಘಟ್ಟ ಕಣಿವೆ ಎಂದು ಹೆಸರು. ಇಲ್ಲಿನ ಕೊಳಚೆಯನ್ನು ಶುದ್ಧೀಕರಿಸಿ, ಕೊಳವೆಯಲ್ಲಿ ಕೋಲಾರದ ಕೆರೆಗಳಿಗೆ ಹಾಯಿಸುವ ಯೋಜನೆ ದಿನಕ್ಕೆ 44 ಕೋಟಿ ಲೀಟರಿನ ಲೆಕ್ಕದಲ್ಲಿ ರೂಪುಗೊಂಡಿತು. 2018ರ ಜೂನಿನಲ್ಲಿ ಮೊದಲ ನೀರು ಲಕ್ಷ್ಮೀಸಾಗರ ಕೆರೆಗೆ ಬಿತ್ತು. ಮುಂದಿನ ತಿಂಗಳೇ ಅಲ್ಲೂ ನೊರೆ ಕಂಡಿತು, ವಿಷಯ ಹೈಕೋರ್ಟಿಗೆ ಹೋಯಿತು. ನಾವೂ ಕೊಳವೆಯ ಜೊತೆಗೇ ಕೋಲಾರದ ಕಡೆ ತಿರುಗೋಣ.

ವಾರಂಟಿ

ಬಳಕೆದಾರರು ಸಾಮಾನ್ಯವಾಗಿ ಕೇಳುವ ಪ್ರಶ್ನೆ: ಈ ಉತ್ಪನ್ನ ಎಷ್ಟು ಕಾಲ ಬಾಳಿಕೆ ಬರುತ್ತದೆ?

ಸಖರೋವನ ಮೊದಲ ಷರತ್ತಿನ ಇನ್ನೊಂದು ಮುಖ ಇಲ್ಲಿದೆ. ದ್ರವ್ಯ ಲೆಕ್ಕಕ್ಕಿಂತ ಹೆಚ್ಚಾಗಿ ಹುಟ್ಟಿದ್ದು ನಿಜವಾದರೆ, ದ್ರವ್ಯದ ಮೊತ್ತ ಬದಲಾಗದು ಎಂಬ ನಿಯಮ ಪರಮ ಸತ್ಯವಲ್ಲ. ಬರಲು ಬಾಗಿಲು ಇತ್ತೆಂದರೆ ಹೋಗಲೂ ಅದೇ ಬಾಗಿಲು ತೆರೆಯಬಹುದು. ಅಂದರೆ ಪ್ರೋಟಾನ್ ಕೂಡ ಎಂದಾದರೂ ಸಾಯಬಹುದು. ನೀವು ಇರುವುದಕ್ಕೆ ಕಾರಣ ಬೇಕೋ, ಜೀವಾವಧಿ ವಾರಂಟಿ ಬೇಕೋ? ಎರಡನ್ನೂ ಒಂದೇ ಬಿಲ್ಲಿನಲ್ಲಿ ಕೊಡುವ ಅಂಗಡಿ ಕಾಣುತ್ತಿಲ್ಲ. ಲೈಬ್ನಿಟ್ಸನ ಪ್ರಶ್ನೆಯನ್ನು ತತ್ವಶಾಸ್ತ್ರದವರ ಕೈಯಿಂದ ತೆಗೆದು ಗಣಿಯೊಳಗೆ ಇಳಿಸಿದ್ದು ಈ ಇಕ್ಕಟ್ಟು.

1974ರಲ್ಲಿ ಜಾರ್ಜಿ ಮತ್ತು ಗ್ಲಾಶೋ ಎಂಬ ಇಬ್ಬರು ಪ್ರಕೃತಿಯ ಮೂರು ಬಲಗಳನ್ನು ಒಂದೇ ಸೂತ್ರಕ್ಕೆ ತರುವ ಸಿದ್ಧಾಂತ ಕೊಟ್ಟರು. ಅದರ ಪ್ರಕಾರ ಪ್ರೋಟಾನಿನ ಸರಾಸರಿ ಆಯುಷ್ಯ, ತುಂಬ ಉದಾರವಾಗಿ ನೋಡಿದರೂ, 1ರ ಮುಂದೆ 31 ಸೊನ್ನೆಯಷ್ಟು ವರ್ಷ. ಅಷ್ಟು ಕಾಲ ಯಾರೂ ಕಾಯಲಾರರು. ಆದರೆ ಒಂದೇ ಪ್ರೋಟಾನನ್ನು ಅಷ್ಟು ವರ್ಷ ಕಾಯುವ ಬದಲು, ಅಷ್ಟು ಪ್ರೋಟಾನುಗಳನ್ನು ಗುಡ್ಡೆ ಹಾಕಿಕೊಂಡು ಒಂದು ವರ್ಷ ಕಾಯಬಹುದಲ್ಲ! ಒಂದು ಟನ್ ಕಬ್ಬಿಣದಲ್ಲಿ ಪ್ರೋಟಾನ್ ನ್ಯೂಟ್ರಾನ್ ಸೇರಿ 6ರ ಮುಂದೆ 29 ಸೊನ್ನೆಯಷ್ಟಿವೆ. 140 ಟನ್ ಇಟ್ಟರೆ 8ರ ಮುಂದೆ 31 ಸೊನ್ನೆ ದಾಟುತ್ತದೆ. ಸಿದ್ಧಾಂತ ಸರಿಯಿದ್ದರೆ ವರ್ಷಕ್ಕೆ ಸುಮಾರು ಎಂಟು ಸಾವು ಕಾಣಬೇಕು.

ಈ ಕೆಲಸಕ್ಕೆಂದೇ ಕಟ್ಟಿದ ಜಗತ್ತಿನ ಮೊದಲ ಉಪಕರಣ 1980ರಲ್ಲಿ ಕೆಲಸ ಶುರುಮಾಡಿದ್ದು ಕೋಲಾರದ ಚಿನ್ನದ ಗಣಿಯಲ್ಲಿ. ಹೌದು, ಅದೇ ಕೆಜಿಎಫ್. ಸಿನಿಮಾದ ಎರಡು ಭಾಗದಲ್ಲೂ ಪ್ರೋಟಾನಿಗೆ ಒಂದು ಡೈಲಾಗೂ ಸಿಗಲಿಲ್ಲ, ಅದು ನನ್ನ ವೈಯಕ್ತಿಕ ಬೇಸರ.

ಗಣಿಯೇ ಏಕೆ? ನೆಲದ ಮೇಲೆ ವಿಶ್ವಕಿರಣಗಳು ಎಡೆಬಿಡದೆ ಸುರಿಯುತ್ತಿರುತ್ತವೆ. ಅಂಗೈ ಚಾಚಿದರೆ ಸೆಕೆಂಡಿಗೊಂದರಂತೆ ಮ್ಯುವಾನ್ ಎಂಬ ಕಣ ತೂರಿ ಹೋಗುತ್ತದೆ. ಈ ಗದ್ದಲದಲ್ಲಿ ವರ್ಷಕ್ಕೆ ಎಂಟು ಬಾರಿಯ ಪಿಸುಮಾತು ಕೇಳಿಸದು. ಎರಡು ಕಿಲೋಮೀಟರಿಗೂ ಹೆಚ್ಚು ದಪ್ಪದ ಬಂಡೆಯನ್ನು ತಲೆಯ ಮೇಲೆ ಹೊದ್ದುಕೊಂಡರೆ ಮ್ಯುವಾನುಗಳು ದಿನಕ್ಕೆ ಬೆರಳೆಣಿಕೆಗೆ ಇಳಿಯುತ್ತವೆ. ಅಷ್ಟು ಆಳದ ಗುಂಡಿ, ಇಳಿಯಲು ಕೇಜು, ಉಸಿರಾಡಲು ಗಾಳಿ, ಶಿವನಸಮುದ್ರದಿಂದ 1902ರಿಂದಲೇ ಬರುತ್ತಿದ್ದ ವಿದ್ಯುತ್ತು, ಇವೆಲ್ಲ ಚಿನ್ನದ ಖರ್ಚಿನಲ್ಲಿ ಸಿದ್ಧವಾಗಿದ್ದವು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಹೋಮಿ ಭಾಭಾ 1950ರ ದಶಕದ ಆರಂಭದಲ್ಲೇ ಅಲ್ಲಿಗೆ ಕಳಿಸಿದ್ದ ತರುಣ ಬಿ.ವಿ. ಶ್ರೀಕಂಠನ್, ನಂಜನಗೂಡಿನವರು. ಮುಂದೆ ಆ ಸಂಸ್ಥೆಯ ನಿರ್ದೇಶಕರಾದರು. 1965ರಲ್ಲಿ ಭಾರತ, ಜಪಾನ್, ಬ್ರಿಟನ್ನಿನ ವಿಜ್ಞಾನಿಗಳ ತಂಡ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಸುಳಿವನ್ನು ಮೊದಲ ಬಾರಿಗೆ ವರದಿ ಮಾಡಿದ್ದು ಇದೇ ಗಣಿಯಿಂದ. ದಕ್ಷಿಣ ಆಫ್ರಿಕದ ಇನ್ನೊಂದು ಚಿನ್ನದ ಗಣಿಯಲ್ಲಿದ್ದ ಪ್ರತಿಸ್ಪರ್ಧಿಗಳ ವರದಿ ಕೆಲವೇ ದಿನ ಹಿಂದೆ ಬಿತ್ತು.

ಪ್ರೋಟಾನ್ ಕಾವಲಿನ ಉಪಕರಣ ನೋಡಲು ಗೋದಾಮಿನ ಕಬ್ಬಿಣದ ಅಟ್ಟಿಯ ಹಾಗೆ. ಉದ್ದನೆಯ ಚೌಕ ಕೊಳವೆಗಳು, ಸುಮಾರು 1,600. ಒಂದು ಸಾಲು ಉದ್ದಕ್ಕೆ, ಮೇಲಿನ ಸಾಲು ಅಡ್ಡಕ್ಕೆ, ನಡುವೆ ಕಬ್ಬಿಣದ ತಗಡು, ಹೀಗೆ 34 ಪದರ. ಪ್ರತಿ ಕೊಳವೆಯ ಒಳಗೆ ಅನಿಲ, ನಡುವೆ ಒಂದು ತಂತಿ. ವಿದ್ಯುದಂಶವಿರುವ ಕಣ ತೂರಿ ಹೋದರೆ ತಂತಿಯಲ್ಲಿ ಮಿಡಿತ. ಹೊರಗಿನಿಂದ ಬಂದದ್ದಾದರೆ ಹೊರ ಪದರದಿಂದ ಮಿಡಿತ ಶುರು. ಅಟ್ಟಿಯ ನಟ್ಟನಡುವೆ ತಾನಾಗಿ ಶುರುವಾಗಿ ಎರಡು ಕಡೆಗೆ ಸೀಳಿ ಹೋದರೆ, ಅಲ್ಲೊಂದು ಪ್ರೋಟಾನ್ ತೀರಿಕೊಂಡಿರಬಹುದು. ಮೇಲೆ ಚಿನ್ನ ತೆಗೆದು ಬಿಸಾಕಿದ ಸಯನೈಡ್ ದಿಬ್ಬಗಳು, ಕೆಳಗೆ ಕಾಯುತ್ತ ಕೂತ ಕಬ್ಬಿಣ.

1981ರಲ್ಲಿ ಅವರು ಇಂಥ ಕೆಲವು ಘಟನೆಗಳನ್ನು ಪ್ರಕಟಿಸಿದರು. ಜಗತ್ತು ತಿರುಗಿ ನೋಡಿತು. ಆದರೆ ಅಮೆರಿಕದ ಓಹಾಯೋದ ಉಪ್ಪಿನ ಗಣಿಯಲ್ಲೂ, ಜಪಾನಿನ ಕಮಿಯೋಕದ ಸತುವಿನ ಗಣಿಯಲ್ಲೂ ಸಾವಿರಾರು ಟನ್ ನೀರು ತುಂಬಿ ಕೂತವರಿಗೆ ಅಂಥದ್ದೇನೂ ಕಾಣಲಿಲ್ಲ. ಕೋಲಾರದಲ್ಲಿ ಕಂಡದ್ದು ನ್ಯೂಟ್ರಿನೋ ಮಾಡಿದ ಚೇಷ್ಟೆ ಇರಬಹುದು ಎಂಬ ಅಭಿಪ್ರಾಯ ಗಟ್ಟಿಯಾಯಿತು. ಕೋಲಾರದವರು ಇನ್ನೂ ದೊಡ್ಡ ಎರಡನೆಯ ಉಪಕರಣ ಕಟ್ಟಿ ಕಾದರು. 1990ರ ದಶಕದ ಮೊದಲಲ್ಲಿ ಪ್ರಯೋಗ ನಿಂತಿತು, 2001ರ ಫೆಬ್ರವರಿ 28ರಂದು ಗಣಿಯೇ ಮುಚ್ಚಿತು. ಪಂಪು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿತು. ಬೆಟ್ಟ ಅಗೆದು ಇಲಿ ಹಿಡಿದರು ಎಂದು ಯಾರಾದರೂ ಆಡಿಕೊಂಡರೆ ನಾನು ಒಪ್ಪುವುದಿಲ್ಲ. ಇಲಿಯೂ ಸಿಗಲಿಲ್ಲ ನಿಜ, ಆದರೆ ಇಲ್ಲಿ ಇಲಿಯಿಲ್ಲ ಎಂದು ಲೆಕ್ಕ ಸಮೇತ ಹೇಳುವುದೂ ಒಂದು ಸಂಪಾದನೆ. ಜಾರ್ಜಿ-ಗ್ಲಾಶೋ ಸಿದ್ಧಾಂತದ ಸರಳ ರೂಪ ಬಿದ್ದುಹೋದದ್ದು ಇಂಥ ಬರಿಗೈ ಲೆಕ್ಕಗಳಿಂದಲೇ. ಜಪಾನಿನವರಿಗೂ ಪ್ರೋಟಾನ್ ಸಾವು ಸಿಗಲಿಲ್ಲ. ಬದಲಿಗೆ 1987ರಲ್ಲಿ ಸಿಡಿದ ನಕ್ಷತ್ರವೊಂದರ ನ್ಯೂಟ್ರಿನೋ ಸಿಕ್ಕು, 2002ರಲ್ಲಿ ಆ ತಂಡದ ಮುಖ್ಯಸ್ಥ ಕೊಶಿಬಾ ಅವರಿಗೆ ನೊಬೆಲ್ ಬಂತು.

ಈಗಿನ ವಾರಂಟಿ ಸ್ಥಿತಿ: ಕಮಿಯೋಕದಲ್ಲೇ ಈಗಿರುವ ಸೂಪರ್ ಕಮಿಯೋಕಾಂಡೆ ಉಪಕರಣದ ಲೆಕ್ಕದ ಪ್ರಕಾರ ಪ್ರೋಟಾನ್ ಒಂದು ಪಾಸಿಟ್ರಾನ್ ಮತ್ತು ಪಯಾನ್ ಎಂಬ ಇನ್ನೊಂದು ಕಣವಾಗಿ ಒಡೆಯುವುದಾದರೆ ಅದರ ಆಯುಷ್ಯ 24ರ ಮುಂದೆ 33 ಸೊನ್ನೆ ವರ್ಷಕ್ಕಿಂತ ಹೆಚ್ಚು. ಬೆಳ್ಳಂದೂರಿನ ಹತ್ತು ಸಾವಿರ ಜನ ತಲಾ ಎಪ್ಪತ್ತು ವರ್ಷ ಬಾಳಿದರೆ, ಅಷ್ಟೂ ಜನರ ಮೈಯಲ್ಲಿ ಹೆಚ್ಚೆಂದರೆ ಒಂದು ಪ್ರೋಟಾನ್ ಹೀಗೆ ಸತ್ತೀತು. ನೊರೆ ಮತ್ತು ಹೊಗೆಗೆ ಹೋಲಿಸಿದರೆ ನಿರ್ಲಕ್ಷಿಸಬಹುದಾದ ಅಪಾಯ.

ಸಣ್ಣಕ್ಷರ: ಪ್ರೋಟಾನನ್ನು ಮುಟ್ಟದೆಯೇ, ಭಾರವಾದ ನ್ಯೂಟ್ರಿನೋಗಳ ದಾರಿಯಿಂದ ಆ ಹೆಚ್ಚುವರಿ ಒಂದು ಕಣ ಬಂದಿರಬಹುದೆಂದು 1986ರಲ್ಲಿ ಫುಕುಗಿತಾ, ಯನಗಿದಾ ಎಂಬಿಬ್ಬರು ಇನ್ನೊಂದು ಬಾಗಿಲು ತೋರಿಸಿದ್ದಾರೆ. ಹಾಗಾದಲ್ಲಿ ಹುಡುಕಾಟವನ್ನು ನ್ಯೂಟ್ರಿನೋ ಕೌಂಟರಿಗೆ ವರ್ಗಾಯಿಸಲಾಗುವುದು. ಇದಕ್ಕೂ ಮೊದಲ ಪ್ರಶ್ನೆ, ನಿಯಮಗಳೇ ಏಕಿವೆ ಎಂಬುದು, ಯಾವ ವಾರಂಟಿಯ ವ್ಯಾಪ್ತಿಗೂ ಬರುವುದಿಲ್ಲ.

ಕ್ಲೇಮ್ ಸಲ್ಲಿಸುವ ವಿಧಾನ

ಪ್ರೋಟಾನ್ ಸತ್ತದ್ದನ್ನು ಕಂಡವರು ಎರಡು ಪುರಾವೆ ತರಬೇಕು: ಒಂದು ಕಡೆಗೆ ಪಾಸಿಟ್ರಾನಿನ ಜಾಡು, ನೇರ ಎದುರು ದಿಕ್ಕಿಗೆ ಪಯಾನಿನ ಜಾಡು. ಎರಡರ ಶಕ್ತಿ ಕೂಡಿದರೆ 938 ಮಿಲಿಯನ್ ಎಲೆಕ್ಟ್ರಾನ್ ವೋಲ್ಟಿನ ಆಸುಪಾಸು ಬರಬೇಕು, ಅದು ಪ್ರೋಟಾನಿನ ತೂಕದ ಬೆಲೆ. ಮೊತ್ತ ತಾಳೆಯಾಗದಿದ್ದರೆ ಅಥವಾ ಜಾಡು ಒಂದೇ ಕಡೆಗೆ ವಾಲಿದ್ದರೆ ನ್ಯೂಟ್ರಿನೋ ಎಂದು ಭಾವಿಸಿ ಅರ್ಜಿಯನ್ನು ತಿರಸ್ಕರಿಸಲಾಗುವುದು. ಗಣಿ ಸ್ವಂತದ್ದಿರಬೇಕು. ಅಪಾರ್ಟ್‌ಮೆಂಟಿನ ಎರಡನೇ ಬೇಸ್‌ಮೆಂಟ್ ಸಾಕಾಗುವುದಿಲ್ಲ, ಅದರಲ್ಲಿ ಎಷ್ಟೇ ನೀರು ನಿಂತಿದ್ದರೂ. ಜಪಾನಿನಲ್ಲಿ 2.58 ಲಕ್ಷ ಟನ್ ನೀರಿನ ಹೈಪರ್ ಕಮಿಯೋಕಾಂಡೆ ಕಟ್ಟುತ್ತಿದ್ದಾರೆ. ಅಲ್ಲಿಯವರ ಅರ್ಜಿ ಬಂದ ಮೇಲೆ ನಿಮ್ಮದನ್ನು ಪರಿಶೀಲಿಸಲಾಗುವುದು. ಕ್ಲೇಮ್ ಮಂಜೂರಾದವರಿಗೆ ಇರುವಿಕೆಯ ಕಾರಣವನ್ನೂ, ಅದರ ಮೇಲೆ ಮುದ್ರಿಸಿದ ಮುಕ್ತಾಯದ ದಿನಾಂಕವನ್ನೂ ಒಂದೇ ಲಕೋಟೆಯಲ್ಲಿ ಕಳಿಸಲಾಗುತ್ತದೆ. ಬದಲಿ ಮಾಲು ಕೊಡುವ ಪದ್ಧತಿ ಇಲ್ಲ.